ನೀಲಿ ನೀರಿನ ಹುಚ್ಚಿಗೆ ಅಡ್ಡ ನಿಂತ ಗುರಮ್ಮ

ಏಪ್ರಿಲ್ ತಿಂಗಳ ಬೆಳಗಿನ ಐದೂವರೆ. ತೆಲಂಗಾಣದ ಗದ್ವಾಲದಿಂದ ಧರೂರಿಗೆ ಹೋಗುವ ರಸ್ತೆಯ ದೊಡ್ಡ ಮನೆಯೊಂದರ ಹಿತ್ತಲಲ್ಲಿ ಗುರಮ್ಮ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ನಿಂತಿದ್ದಾರೆ. ನಿನ್ನೆ ಸಂಜೆ ಈಜುಕೊಳಕ್ಕೆ ತಾವೇ ಹೊದಿಸಿ ಹೋದ ತಾಡಪತ್ರಿ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದೆ. ಪಕ್ಕದಲ್ಲೇ ಕ್ಲೋರಿನ್ ಡಬ್ಬಿ, ಖಾಲಿ. ಘಾಟಿಗೆ ಕಣ್ಣು ಉರಿಯುತ್ತಿದೆ.

“ಯಾರ್ರೀ ಇದನ್ನ ಸುರಿದೋರು? ತಿಂಗಳಾನಗಟ್ಲೆ ಬರೋ ಔಷಧ ಒಂದಾ ಏಟಿಗೆ!”

ಸುರಿದವರು ಯಜಮಾನ ಶಿವಶಂಕರಪ್ಪನವರ ಭಾವಮೈದುನ ಕಾಂತೇಶ. ಮಧ್ಯಾಹ್ನ ಹೈದರಾಬಾದಿನ ನೆಂಟರು ಬರುತ್ತಾರೆ, ನೀರು ಫಳಫಳ ನೀಲಿ ಹೊಡೆಯಬೇಕು ಎಂಬುದು ಅವರ ಲೆಕ್ಕ. ಗುರಮ್ಮ ಕ್ಲೋರಿನ್ ಅಳೆಯುವ ಬಣ್ಣದ ಪಟ್ಟಿ ಅದ್ದಿ ನೋಡುತ್ತಾರೆ. ಇಳಿದರೆ ಮೈ ಉರಿಯುವಷ್ಟು ಕ್ಲೋರಿನ್.

ನಲವತ್ತೊಂಬತ್ತರ ಗುರಮ್ಮ ಹತ್ತಿ ಬೀಜದ ಹೊಲಗಳಲ್ಲಿ ಪರಾಗಸ್ಪರ್ಶಕ್ಕೆಂದು ಹೂವಿಗೆ ಹೂವು ಮುಟ್ಟಿಸುತ್ತ ಹದಿನೆಂಟು ವರ್ಷ ಕಳೆದವರು. ಮೊಣಕಾಲು ಸೋತ ಮೇಲೆ ಬೀಜ ವ್ಯಾಪಾರಿ ಶಿವಶಂಕರಪ್ಪನವರ ಮನೆಗೆ ಕಸ ಗುಡಿಸಲು ಬಂದರು. ಕೊಳ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಬರುವುದನ್ನು ಬಿಟ್ಟಾಗ ಅದೂ ಇವರ ಕೊರಳಿಗೇ ಬಿತ್ತು.

ಆಗೆಲ್ಲ ನೀರು ಚೂರು ಮಬ್ಬಾದರೆ ಸಾಕು, ಅರವತ್ತು ಸಾವಿರ ಲೀಟರ್ ಹೊರಗೆ. ಎರಡು ವರ್ಷದ ಹಿಂದೆ ಹಾಗೆ ಬಿಟ್ಟ ನೀರು ಗೋಡೆಯಾಚೆ ಕಿಷ್ಟಮ್ಮನ ಪಾಲಕ್, ಮೆಂತ್ಯದ ಮಡಿಗಳಿಗೆ ನುಗ್ಗಿತು. ಎರಡೇ ದಿನದಲ್ಲಿ ಸೊಪ್ಪೆಲ್ಲ ಸುಟ್ಟು ಹಳದಿ. ಕಿಷ್ಟಮ್ಮ ಆ ಸೊಪ್ಪನ್ನು ಹಿಡಿದುಕೊಂಡೇ ಬಂದು ಜಗಳ ತೆಗೆದರು. “ಸಾವ್ಕಾರ್ರನ್ನ ಯಾರು ಬೈತಾರ್ರಿ? ಬೈಸಿಕೊಂಡಾಕಿ ನಾನಾ,” ಎನ್ನುತ್ತಾರೆ ಗುರಮ್ಮ.

ಅಂದಿನಿಂದ ಹಟ ಹಿಡಿದರು. ಬಳಸದ ಹೊತ್ತಿನಲ್ಲೆಲ್ಲ ಕೊಳಕ್ಕೆ ತಾಡಪತ್ರಿ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಬೆರಳು ಇಳಿಯುತ್ತಿದ್ದ ನೀರು ಈಗ ನಾಲ್ಕು ದಿನಕ್ಕೂ ಅಷ್ಟು ಇಳಿಯುವುದಿಲ್ಲ. ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಫಿಲ್ಟರ್ ಮೋಟಾರು, ಮಾಳಿಗೆಯ ಸೋಲಾರ್‌ಗೆ ಬಿಸಿಲು ಬಿದ್ದಾಗ ಆರು ತಾಸು ಓಡುತ್ತದೆ. ಫಿಲ್ಟರ್ ತೊಳೆದ ನೀರು ಗುಂಡಿಯಲ್ಲಿ ಐದು ದಿನ ಬಿಸಿಲು ಕಾಯ್ದು, ಪಟ್ಟಿಯಲ್ಲಿ ಪಾಸಾದ ಮೇಲೆ ತೆಂಗಿನ ಬುಡಕ್ಕೆ. ದಿನಾ ಬೆಳಿಗ್ಗೆ ಬಲೆಯಲ್ಲಿ ಎರಡು ಬುಟ್ಟಿ ಬೇವಿನೆಲೆ ಬಾಚುತ್ತಾರೆ. ಎಲೆ ಕೊಳೆಯದಿದ್ದರೆ ಔಷಧವೂ ಕಡಿಮೆ ಸಾಕು. ಎರಡು ವರ್ಷದಿಂದ ಕೊಳ ಒಮ್ಮೆಯೂ ಖಾಲಿಯಾಗಿಲ್ಲ.

“ಇಷ್ಟು ಮಾಡಿದ್ರೂ ತಿಂಗಳಿಗೊಬ್ರು ಬಂದು ಕೆಡಸ್ತಾರ್ರಿ. ಹೇಳಿ ಹೇಳಿ ನನ್ನ ಬಾಯಿ ಸವದೈತಿ.”

ಇವತ್ತು ಕೆಡಿಸಿದವರ ಬಳಿ ಪರಿಹಾರವೂ ಸಿದ್ಧವಿದೆ. “ಎಲ್ಲಾ ನೀರು ಹೊರಗ ಬಿಟ್ಟು ಟ್ಯಾಂಕರ್ ಹೊಡಸೋಣು ತಗಿ,” ಎನ್ನುತ್ತ ಕಾಂತೇಶ ವಾಲ್ವಿನತ್ತ ನಡೆಯುತ್ತಾರೆ. ಗುರಮ್ಮ ಅಡ್ಡ ನಿಲ್ಲುತ್ತಾರೆ. ಸದ್ದು ಕೇಳಿ ಶಿವಶಂಕರಪ್ಪ ಹಲ್ಲುಜ್ಜುತ್ತಲೇ ಹೊರಬರುತ್ತಾರೆ.

“ಸಾವ್ಕಾರ್ರೆ, ನನ್ನ ಕೆಲಸ ಬಿಡಸ್ತೀರಿ ಬಿಡಸ್ರಿ. ಈ ನೀರು ಮಾತ್ರ ಹೊರಗ ಬಿಡಾಕ ಕೊಡಂಗಿಲ್ಲ. ಗ್ವಾಡಿ ಆಕಡಿ ಕಿಷ್ಟಮ್ಮ ಮತ್ತ ಮೆಂತ್ಯ ಹಾಕ್ಯಾಳ.”

“ಹಂಗಾದ್ರ ನೆಂಟರಿಗಿ ಏನ್ ಹೇಳ್ಲಿ ಯವ್ವಾ?” ನೊರೆ ಬಾಯಲ್ಲೇ ಕೇಳುತ್ತಾರೆ ಯಜಮಾನರು.

“ಜುರಾಲಾ ಡ್ಯಾಮ್ ತೋರಸ್ರಿ. ಮೂರು ದಿನ ಬಿಸಿಲು ಕಂಡ್ರ ಘಾಟು ತಾನಾ ಇಳೀತೈತಿ. ಆಮ್ಯಾಲ ಪಟ್ಟಿ ನೋಡಿ ಇಳೀರಿ.”

ಶಿವಶಂಕರಪ್ಪ ಗೋಡೆಯತ್ತ ನೋಡುತ್ತಾರೆ, ಭಾವಮೈದುನನತ್ತ ನೋಡುತ್ತಾರೆ. ಬಾಯಲ್ಲಿದ್ದ ನೊರೆ ಉಗುಳಿ, “ಆಕಿ ಹೇಳಿದಂಗ ಕೇಳು ಕಾಂತೇಶ,” ಎಂದು ಒಳಗೆ ಹೋಗುತ್ತಾರೆ. ಮಧ್ಯಾಹ್ನ ನೆಂಟರ ಕಾರು ಡ್ಯಾಮಿನ ದಾರಿ ಹಿಡಿಯುತ್ತದೆ.

ಈ ಕೊಳದಲ್ಲಿ ಒಮ್ಮೆಯಾದರೂ ಈಜಿದ್ದೀರಾ ಎಂದು ಕೇಳಿದರೆ ಗುರಮ್ಮ ಹಣೆ ಬಡಿದುಕೊಳ್ಳುತ್ತಾರೆ.

“ಕೃಷ್ಣಾ ಹೊಳಿ ಈ ದಂಡಿಂದ ಆ ದಂಡಿಗಿ ಈಜಿದಾಕಿ ನಾ. ಈ ತೊಟ್ಯಾಗ ಯಾಕ ಇಳೀಲ್ರಿ? ನಾ ಇಳಿದ್ರ ಒಂದು ಚಮಚ ಔಷಧ ಹೆಚ್ಚಿಗಿ ಬೇಕು. ಅದನ್ನೂ ನಾನಾ ಹಾಕ್ಬೇಕಲ್ರಿ!”