ವಿಶಾಲಕ್ಕನ ಕಾರು

ವಿಶಾಲಕ್ಕನ ಮನೆಗೆ ಹೋದವರಿಗೆ ಮೊದಲು ಕಾಣುತ್ತಿದ್ದುದು ಅವರ ಪಾದಗಳು. ಅಂಗಳದಲ್ಲಿ ಬಿಳಿಯ ಸಣ್ಣ ಕಾರು, ಅದರಡಿಗೆ ಹಾಸಿದ ಗೋಣಿಚೀಲ, ಚೀಲದ ತುದಿಯಲ್ಲಿ ಆಕಾಶ ನೋಡುತ್ತಿರುವ ಎರಡು ಪಾದ. "ಅಕ್ಕಾ" ಎಂದು ಕರೆದರೆ ಒಳಗಿನಿಂದ ಉತ್ತರ ಬರುತ್ತಿತ್ತು: "ಇರು ಮಾರಾಯ್ತಿ, ಈಗ ಕೈ ಬಿಟ್ರೆ ಆಯಿಲ್ ಎಲ್ಲ ಮುಖದ ಮೇಲೆ ಬೀಳ್ತದೆ." ಬಂದವರು ಕಾಯುತ್ತಿದ್ದರು. ಪಂಚಾಯಿತಿ ಮೆಂಬರು ಒಮ್ಮೆ ಆ ಪಾದಗಳಿಗೇ ನಮಸ್ಕಾರ ಹೇಳಿ, ಬಂದ ವಿಷಯ ಹೇಳಿ, ಪಾದಗಳ ಒಪ್ಪಿಗೆ ಪಡೆದು ಹೋಗಿದ್ದರು. ನಾನೂ ಕಾಯುತ್ತಿದ್ದೆ. ಹಾಗೆ ನಿಂತಾಗಲೆಲ್ಲ ಹೊಟ್ಟೆಯೊಳಗೆ ಸಣ್ಣಗೆ ಒಂದು ಉರಿ ಏಳುತ್ತಿತ್ತು. ಅದಕ್ಕೆ ಚಂದದ ಹೆಸರು ಹುಡುಕುತ್ತ ಕೂರುವುದಿಲ್ಲ. ಅದು ಹೊಟ್ಟೆಕಿಚ್ಚು.

ವಿಶಾಲಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಬಾಳೂರಿನ ಹತ್ತಿರ ಒಂದೇ ಗುಡ್ಡದ ನೆತ್ತಿಯಲ್ಲಿ ಅವರ ಮನೆ, ಬುಡದಲ್ಲಿ ನಮ್ಮದು, ನಡುವೆ ಪಾಲಾದ ಕಾಫಿ ತೋಟ. ಅತ್ತೆ ನಮ್ಮ ಜೊತೆಗಿದ್ದರು. ಭಾವ ತೀರಿಕೊಂಡಾಗ ವಿಶಾಲಕ್ಕನಿಗೆ ನಲವತ್ತು ದಾಟಿತ್ತು, ಒಬ್ಬಳೇ ಮಗಳಿಗೆ ಸಕಲೇಶಪುರದ ಕಡೆ ಮದುವೆಯಾಗಿತ್ತು. ಭಾವ ಓಡಿಸುತ್ತಿದ್ದ ಕಾರು, ನಮ್ಮ ಕಡೆ ಎಲ್ಲರೂ 'ಎಂಟುನೂರು' ಎಂದೇ ಕರೆಯುವ ಹಳೆಯ ಪುಟ್ಟ ಕಾರು, ಶೆಡ್ಡಿನಲ್ಲಿ ಗಾಳಿ ಇಳಿದು ಕೂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಮೊದಮೊದಲು ವಿಶಾಲಕ್ಕನ ಹೊರಗಿನ ಕೆಲಸಕ್ಕೆಲ್ಲ ನಮ್ಮವರೇ. ಗ್ಯಾಸ್ ತರಲು, ಗೊಬ್ಬರ ತರಲು, ಮೂಡಿಗೆರೆಯ ಬ್ಯಾಂಕಿಗೆ ಕರೆದುಕೊಂಡು ಹೋಗಲು. ನನ್ನ ಗಂಡ ಒಂದು ದಿನವೂ ಬೇಸರಿಸಲಿಲ್ಲ. ನಾನು ಕರೆದರೆ ಕೇಳಿಸದ ಕಿವಿಗೆ ಗುಡ್ಡದ ಮೇಲಿನ ಕರೆ ಹೇಗೆ ಕೇಳಿಸುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ವಿಶಾಲಕ್ಕ ನಮ್ಮ ಜಗಲಿಗೆ ಬಂದು ನಿಂತು ಹೇಳಿದರು: "ರಾಜು, ಇನ್ನು ನೀನು ನಂಗೋಸ್ಕರ ಓಡಾಡೋದು ಬೇಡ. ಆ ಕಾರನ್ನ ನಾನೇ ಎಬ್ಬಿಸ್ತೀನಿ."

"ಅತ್ತಿಗೆ, ನಿಮ್ಗೆ ಡ್ರೈವಿಂಗೇ ಬರಲ್ಲ" ಎಂದರು ನಮ್ಮವರು.

"ಅದು ಆಮೇಲೆ. ಮೊದ್ಲು ಓಡೋ ಹಂಗೆ ಮಾಡ್ಬೇಕಲ್ಲ."

ಕಳಸದಿಂದ ಮೆಕ್ಯಾನಿಕ್ ಒಬ್ಬ ಬಂದು ನೋಡಿ, ಗುಜರಿಗೆ ಕೊಡಿ ಎಂದ. ವಿಶಾಲಕ್ಕ ಅವನಿಗೆ ಕಾಫಿ ಕೊಟ್ಟು, ಯಾವುದನ್ನು ಹೇಗೆ ಬಿಚ್ಚುವುದೆಂದು ಮಾತ್ರ ತೋರಿಸಿಕೊಂಡರು. ಆಮೇಲೆ ಶುರುವಾಯಿತು. ಜಗಲಿಯ ಮೇಲೆ ಹಳೆಯ ಪೇಪರ್ ಹಾಸಿ ಕಾರ್ಬೊರೇಟರ್ ಬಿಚ್ಚುವುದು, ಒಂದೊಂದೇ ತುಂಡನ್ನು ಪೆಟ್ರೋಲಿನಲ್ಲಿ ತೊಳೆದು ಸಾಲಾಗಿ ಇಡುವುದು, ಫೋನಿನಲ್ಲಿ ಯಾರೋ ಮಾಡಿದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುವುದು. ಒಂದು ಸಲ ಎಲ್ಲ ಜೋಡಿಸಿ ಎದ್ದಾಗ ಪೇಪರಿನ ಮೇಲೆ ಸಣ್ಣದೊಂದು ಹಿತ್ತಾಳೆ ತುಂಡು ಉಳಿದಿತ್ತು.

"ಅಕ್ಕಾ, ಇದೊಂದು ಉಳೀತಲ್ಲ?" ಎಂದೆ. ದನಿಯಲ್ಲಿದ್ದ ಖುಷಿಯನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ.

ವಿಶಾಲಕ್ಕ ಆ ತುಂಡನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೂತು ಪೂರ್ತಿ ಬಿಚ್ಚಿದರು. ಬೈಯಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಸೋಲು ಅವರಿಗೆ ಊಟದಲ್ಲಿ ಸಿಕ್ಕ ಕಲ್ಲಿನ ಹಾಗೆ. ತೆಗೆದು ಪಕ್ಕಕ್ಕಿಟ್ಟು ಉಣ್ಣುವುದು. ನನಗೆ ಒಂದು ಸಾರು ಕೆಟ್ಟರೆ ಇಡೀ ದಿನ ಕೆಡುತ್ತದೆ.

ಆ ಸಲದ ಮಳೆ ಕಳೆಯುವ ಹೊತ್ತಿಗೆ ಕಾರು ಕೆಮ್ಮಿತು, ಹೊಗೆ ಉಗುಳಿತು, ಎದ್ದು ನಿಂತಿತು. ಬಾಳೂರಿನ ಜೀಪ್ ಡ್ರೈವರ್ ಒಬ್ಬರ ಹತ್ತಿರ ವಿಶಾಲಕ್ಕ ಓಡಿಸಲು ಕಲಿತರು. ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಗುಡ್ಡದ ದಾರಿಯಲ್ಲಿ ಹೊಟ್ಟೆ ನೆಲಕ್ಕೆ ತಾಗುತ್ತದೆಂದು ಸ್ಪ್ರಿಂಗ್‌ಗಳಿಗೆ ದಪ್ಪ ರಬ್ಬರ್ ಕೊಟ್ಟು ಕಾರನ್ನು ಎತ್ತರಿಸಿದರು. ಹಳೆಯ ಡ್ರಮ್ಮಿನ ತಗಡು ಕತ್ತರಿಸಿ ಎಂಜಿನ್ನಿನ ಅಡಿಗೆ ಕವಚ ಬಿಗಿದರು. ಕೋಳಿಗಳು ಹಾಳು ಮಾಡಿದ ಹಿಂದಿನ ಸೀಟನ್ನು ಸರಿಪಡಿಸಿ, ಬೇಕಾದಾಗ ಎತ್ತಿಡುವ ಹಾಗೆ ಮಾಡಿಕೊಂಡರು. ಸೀಟು ಎತ್ತಿಟ್ಟರೆ ಕಾಫಿ ಮೂಟೆ ಹಿಡಿಸುತ್ತಿತ್ತು. ಗಣಿ ಮುಚ್ಚಿ ಖಾಲಿಯಾದ ಕುದುರೆಮುಖದಲ್ಲಿ ಯಾರದೋ ಮನೆಯ ಹಿಂದೆ ಅದೇ ಜಾತಿಯ ಕಾರೊಂದು ಪೊದೆಯಲ್ಲಿ ಮುಚ್ಚಿಹೋಗಿ ನಿಂತಿದೆ ಎಂದು ಗೊತ್ತಾದಾಗ, ಅದರ ಬಾಗಿಲು, ದೀಪ, ಪೈಪು ಎಲ್ಲವನ್ನೂ ಬಿಚ್ಚಿಸಿ ತಂದರು. ಆವತ್ತು ಅವರ ಮುಖದಲ್ಲಿದ್ದ ಕಳೆ, ತವರಿನಿಂದ ಬಂದ ಹೆಣ್ಣುಮಕ್ಕಳ ಮುಖದಲ್ಲಿ ಇರುವಂಥದು.

ಇಷ್ಟಾದರೂ ಸಹಿಸಬಹುದಿತ್ತು. ನನಗೆ ಸಹಿಸಲಾಗದ್ದು ಅತ್ತೆಯ ಸೀಟು.

ಅತ್ತೆಗೆ ಮಂಡಿ ಬಗ್ಗುತ್ತಿರಲಿಲ್ಲ. ಅವರಿಗೆ ಬಿಸಿನೀರು ಕಾಯಿಸಿ, ಎಣ್ಣೆ ತಿಕ್ಕಿ, ಹಾಸಿಗೆಯಿಂದ ಎಬ್ಬಿಸಿ ಕೂರಿಸುತ್ತಿದ್ದವಳು ನಾನು. ವಿಶಾಲಕ್ಕ ಒಂದು ದಿನ ಬಂದು ಅತ್ತೆ ಕುರ್ಚಿಯಲ್ಲಿ ಕೂರುವುದನ್ನೂ ಏಳುವುದನ್ನೂ ಸುಮ್ಮನೆ ನೋಡಿಕೊಂಡು ಹೋದರು. ಆಮೇಲೆ ಕಾರಿನ ಮುಂದಿನ ಸೀಟನ್ನು ಬಿಚ್ಚಿ, ಹಿಂದಕ್ಕೆ ಸರಿಸಿ, ಅಡಿಗೆ ಮರದ ಹಲಗೆ ಕೊಟ್ಟು ಎತ್ತರಿಸಿ, ಬಾಗಿಲ ಪಕ್ಕ ಹಿಡಿದುಕೊಳ್ಳಲು ಕಬ್ಬಿಣದ ಹಿಡಿ ಕೂರಿಸಿದರು. ಅತ್ತೆ ಮಂಡಿ ಮಡಿಸದೆ, ಮಗ್ಗುಲಾಗಿ ಕೂತು, ಹಿಡಿ ಹಿಡಿದು ಒಳಗೆ ತಿರುಗಿದರು. ಎಷ್ಟೋ ಕಾಲದಿಂದ ಮನೆ ಬಿಟ್ಟು ಹೊರಡದಿದ್ದವರು ಆವತ್ತು ಕೊಟ್ಟಿಗೆಹಾರದವರೆಗೆ ಹೋಗಿ ನೀರುದೋಸೆ ತಿಂದು ಬಂದರು.

"ವಿಶಾಲಿ ಕೈ ಬಂಗಾರದ ಕೈ ಕಣೆ ಪ್ರೇಮಾ" ಎಂದರು ನನ್ನ ಹತ್ತಿರ. ನಾನು ಆಗ ಅವರ ಮಂಡಿಗೆ ಎಣ್ಣೆ ಹಚ್ಚುತ್ತಿದ್ದೆ.

"ಹೌದು ಅತ್ತೆ" ಎಂದೆ. ನನ್ನ ಕೈ ಯಾವ ಲೋಹದ್ದೆಂದು ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಕಳಸದಲ್ಲಿ ನೆಂಟರ ಮದುವೆಯಿತ್ತು. ನಮ್ಮವರು ಮುಂಚಿನ ದಿನವೇ ಹೋಗಿದ್ದರು. ನಾವು ವಿಶಾಲಕ್ಕನ ಕಾರಿನಲ್ಲಿ ಹೊರಟೆವು, ಅತ್ತೆ ಮುಂದಿನ ಸೀಟಿನಲ್ಲಿ, ನಾನು ಹೊಸ ರೇಷ್ಮೆ ಸೀರೆಯುಟ್ಟು ಹಿಂದೆ. ಏರೊಂದು ಮುಗಿದು ರಸ್ತೆ ಮಟ್ಟಸವಾದ ಜಾಗದಲ್ಲಿ ಕಾಲಡಿಯಲ್ಲಿ 'ಟಪ್' ಎಂದಿತು. ವಿಶಾಲಕ್ಕ ಕಾರು ನಿಲ್ಲಿಸಿ, ಬಗ್ಗಿ ಕೈಯಲ್ಲಿ ಕ್ಲಚ್ ಒತ್ತಿ ನೋಡಿದರು. ಅದು ಸತ್ತ ಹಾಗೆ ಬಿದ್ದಿತ್ತು.

"ಕ್ಲಚ್ ಕೇಬಲ್ ಹೋಯ್ತು" ಎಂದರು.

ನನಗಾದ ಸಂತೋಷ ಹೇಳತೀರದು. ಮುಹೂರ್ತ ತಪ್ಪಿದರೂ ಚಿಂತೆಯಿಲ್ಲ, ಬಂಗಾರದ ಕೈ ಒಂದು ಸಲ ದಾರಿಯಲ್ಲಿ ಕೈಚೆಲ್ಲಿ ನಿಲ್ಲಲಿ ಎನ್ನಿಸಿತು. "ಇನ್ನೆಂತ ಮಾಡೋದು ಅಕ್ಕಾ? ಬಸ್ಸಿಗೆ ಕೈ ಅಡ್ಡ ಹಾಕೋಣ?" ಎಂದು ಸೆರಗು ಸರಿಮಾಡಿಕೊಂಡೆ.

"ಎಂತಕ್ಕೆ ಬಸ್ಸು? ಕಾರು ಹೋಗ್ತದೆ. ನಿಲ್ಲೋದು ಮಾತ್ರ ಕಷ್ಟ. ಗಟ್ಟಿ ಹಿಡ್ಕೊಳ್ಳಿ." ಎಂಜಿನ್ ಆಫ್ ಮಾಡಿ, ಫಸ್ಟ್ ಗೇರು ಹಾಕಿ, ಹಾಗೇ ಕೀಲಿ ತಿರುಗಿಸಿದರು. ಕಾರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಓಡತೊಡಗಿತು. ಅಲ್ಲಿಂದ ಕಳಸದವರೆಗೆ ನಿಲ್ಲಿಸಲಿಲ್ಲ. ಕಿವಿಯಲ್ಲಿ ಎಂಜಿನ್ನಿನ ಹದ ಕೇಳಿಕೊಂಡು, ಕ್ಲಚ್ ಇಲ್ಲದೆಯೇ ಗೇರು ಬದಲಿಸಿದರು. ತಿರುವಿನಲ್ಲಿ ಹಾರ್ನು, ದನ ಕಂಡರೆ ಹಾರ್ನು, ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ "ಸರೀರೋ, ಸರೀರೋ" ಎಂದು ಕೂಗುವುದು. ಎದುರು ಬಂದ ಬಸ್ಸಿನವನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ, ನಾನು ಯಾಕೆ ನಗುತ್ತಿದ್ದೇನೆ ಎಂದು ಸಿಟ್ಟೂ ಬಂತು. ಮದುವೆ ಛತ್ರದ ಮೆಟ್ಟಿಲ ಮುಂದೆಯೇ ಕೀಲಿ ತಿರುಗಿಸಿದರು. ಕಾರು ಒಮ್ಮೆ ಮುಗ್ಗರಿಸಿ ನಿಂತಿತು. ಹೊಸ ಸೀರೆಯವಳನ್ನು ಯಾರೂ ನೋಡಲಿಲ್ಲ. ಊಟದ ಹೊತ್ತಿಗೆ ವಿಶಾಲಕ್ಕ ಸೀಟಿನಡಿ ಇಟ್ಟುಕೊಂಡಿದ್ದ ಬೇರೆ ಕೇಬಲ್ ಹಾಕಿ, ಉಗುರೆಲ್ಲ ಕಪ್ಪು ಮಾಡಿಕೊಂಡು ಕೊನೆಯ ಪಂಕ್ತಿಗೆ ಬಂದರು. ಇಡೀ ಸಾಲು ಒತ್ತಿ ಕೂತು ಅವರಿಗೆ ಜಾಗ ಮಾಡಿಕೊಟ್ಟಿತು.

ವಿಶಾಲಕ್ಕ ದೇವತೆಯೇನಲ್ಲ. ಕಾರನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. "ಬಿಚ್ಚಿದ ಕೈಯೇ ಹಾಕ್ಬೇಕು" ಎನ್ನುವುದು ಅವರ ಮಾತು. ಮದುವೆಯಿಂದ ಬಂದ ಮೇಲೆ ನಾನೇ ಬಾಯಿಬಿಟ್ಟು "ನಂಗೂ ಸ್ವಲ್ಪ ಕಲ್ಸಿ ಅಕ್ಕಾ" ಎಂದೆ. ಟೈರು ಬಿಚ್ಚು ಎಂದರು. ನಾನು ಜಾಕಿ ಕೊಟ್ಟು ಕಾರೆತ್ತಿ, ಆಮೇಲೆ ನಟ್ಟು ಸಡಿಲಿಸಲು ಹೋದೆ. ಗಾಳಿಯಲ್ಲಿದ್ದ ಚಕ್ರ ನಟ್ಟಿನ ಜೊತೆಗೇ ತಿರುಗಿತು. "ನೆಲದ ಮೇಲಿದ್ದಾಗ ಸಡಿಲ ಮಾಡ್ಬೇಕು ಅಂತ ಗೊತ್ತಾಗಲ್ವಾ? ಬಿಡು, ನಿನ್ ಕೈಲಿ ಆಗೋ ಕೆಲ್ಸ ಅಲ್ಲ" ಎಂದು ಸ್ಪ್ಯಾನರನ್ನು ಕೈಯಿಂದ ಕಿತ್ತುಕೊಂಡರು. ನಾನು ತೋಟದ ದಾರಿಯಲ್ಲಿ ಇಳಿದು ಬಂದೆ. ಬಹಳ ದಿನ ಮೇಲೆ ಹೋಗಲಿಲ್ಲ. ಅವರೂ ಕರೆಯಲಿಲ್ಲ.

ಅತ್ತೆ ತೀರಿಕೊಂಡ ಮೇಲಿನ ಕಾಫಿ ಕೊಯ್ಲಿನಲ್ಲಿ ವಿಶಾಲಕ್ಕನಿಗೆ ಸ್ಟ್ರೋಕ್ ಆಯಿತು. ಬಚ್ಚಲಲ್ಲಿ ಬಿದ್ದವರನ್ನು ಕೆಲಸದವರು ನೋಡಿ ಕೂಗಿದರು. ನಮ್ಮ ಗಾಡಿಯಲ್ಲಿ ಚಿಕ್ಕಮಗಳೂರಿಗೆ ಸಾಗಿಸಿದೆವು. ಜೀವ ಉಳಿಯಿತು, ಮಾತು ಸ್ವಲ್ಪ ತೊದಲಿತು, ಬಲಗೈ ಮಾತ್ರ ಸೋತುಹೋಯಿತು. ಮನೆಗೆ ಬಂದ ಮೇಲೆ ಅವರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕಾರಿನ ಕಡೆ ಮುಖ ಮಾಡಿ ಕೂರುತ್ತಿದ್ದರು. ಕಾರು ಮಾರಿಬಿಡೋಣ ಅತ್ತಿಗೆ ಎಂದು ನಮ್ಮವರು ಮೆತ್ತಗೆ ಹೇಳಿದ್ದಕ್ಕೆ ಎರಡು ದಿನ ಅವರ ಜೊತೆ ಮಾತು ಬಿಟ್ಟರು. ಆಮೇಲೆ ನನಗೆ ಹೇಳಿಕಳುಹಿಸಿದರು.

ಹೋದೆ. ಸ್ಪ್ಯಾನರಿನ ಡಬ್ಬ ಅವರ ಕಾಲ ಹತ್ತಿರ ತೆರೆದಿತ್ತು.

"ಪ್ಲಗ್ ಬಿಚ್ಚು" ಎಂದರು.

"ನನ್ ಕೈಲಿ ಆಗೋ ಕೆಲ್ಸ ಅಲ್ಲ ಅಂದಿದ್ರಲ್ಲ ಅಕ್ಕಾ."

"ಈಗ್ಲೂ ಅಲ್ಲ. ಆದ್ರೆ ಬೇರೆಯವ್ರನ್ನ ಕರೆದ್ರೆ ಎರಡು ದಿನ ಬಂದು ಮೂರ್ನೇ ದಿನ ಬರಲ್ಲ. ನೀನು ಬರ್ತೀಯ. ನೀನು ಹೊಟ್ಟೆಕಿಚ್ಚಿಗಾದ್ರೂ ಕಲೀತೀಯ."

ಮುಖಕ್ಕೆ ಬಿಸಿ ಏರಿತು. ಇಷ್ಟು ವರ್ಷ ನಾನು ಒಳಗೊಳಗೇ ಬಚ್ಚಿಟ್ಟುಕೊಂಡದ್ದು ಅವರಿಗೆ ಕಾರಿನ ಹೊಗೆಯಷ್ಟೇ ಸ್ಪಷ್ಟವಾಗಿ ಕಂಡಿತ್ತು. "ಯಾರಿಗೆ ಹೊಟ್ಟೆಕಿಚ್ಚು?" ಎಂದು ಕೇಳಬೇಕೆಂದಿದ್ದೆ. ಬಾನೆಟ್ ಎತ್ತಿದೆ.

ಅವರಂಥ ಕೆಟ್ಟ ಗುರು ಎಲ್ಲೂ ಸಿಗಲಾರರು. "ಅಲ್ಲ ಮಾರಾಯ್ತಿ, ಆ ಕಡೆ", "ಅಷ್ಟು ಬಿಗಿ ಮಾಡಿದ್ರೆ ತಿರುಪಿನ ಗೆರೆ ಸವೀತದೆ", "ಕಣ್ಣಿಂದ ಎಂತ ನೋಡ್ತೀಯ, ಬೆರಳಲ್ಲಿ ನೋಡು". ನಾನು ತಪ್ಪು ಮಾಡಿದರೆ ಅವರ ಎಡಗೈ ಕುರ್ಚಿಯ ತೋಳನ್ನು ಬಡಿಯುತ್ತಿತ್ತು. ಸರಿ ಮಾಡಿದರೆ ಏನೂ ಹೇಳುತ್ತಿರಲಿಲ್ಲ. ಪ್ಲಗ್ಗಿನಿಂದ ಫ್ಯಾನ್ ಬೆಲ್ಟಿಗೆ, ಬೆಲ್ಟಿನಿಂದ ಬ್ರೇಕಿಗೆ ಹೋದೆ. ಹಿಂದಿನ ಚಕ್ರದ ಬ್ರೇಕ್ ಶೂ ಬದಲಿಸಿದ ದಿನ ಸ್ಪ್ರಿಂಗೊಂದು ಹಾರಿ ಕೆನ್ನೆಗೆ ಹೊಡೆದು ರಕ್ತ ಬಂತು. ಸೆರಗಿನಲ್ಲಿ ಒತ್ತಿ ಹಿಡಿದು ಕೂತೆ. ವಿಶಾಲಕ್ಕ ಎಡಗೈಯಲ್ಲಿ ತಮ್ಮ ಗಲ್ಲ ಎತ್ತಿ ತೋರಿಸಿದರು. ಅಲ್ಲೊಂದು ಹಳೆಯ ಗಾಯದ ಗೆರೆಯಿತ್ತು. ಅದನ್ನು ನಾನು ಮುಂಚೆ ಗಮನಿಸಿಯೇ ಇರಲಿಲ್ಲ. "ಅದೇ ಸ್ಪ್ರಿಂಗು" ಎಂದರು. ಇಬ್ಬರೂ ನಕ್ಕೆವು. ನಗುವಾಗ ಅವರ ಬಾಯಿ ಒಂದು ಕಡೆಗೆ ಮಾತ್ರ ಹೋಗುತ್ತಿತ್ತು.

ಬಿಚ್ಚುವುದು, ಜೋಡಿಸುವುದು, ಓಡಿಸುವುದು ಎಲ್ಲ ಕಲಿತ ಮೇಲೂ ಉರಿ ಆರಲಿಲ್ಲ. ನಾನು ಕೈಯಲ್ಲಿ ಹಿಡಿದು ತಡಕಾಡುತ್ತಿದ್ದುದನ್ನು ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತೇ ಕಾಣುತ್ತಿದ್ದರು.

ಕೊನೆಯ ಸಲ ನಾನೇ ಅವರನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಹೋದದ್ದು ಮೂಡಿಗೆರೆಗೆ, ಡಾಕ್ಟರ ಹತ್ತಿರ. ಹೋಗುವಾಗ ಇಡೀ ದಾರಿ ಬೈದರು. ಬರುವಾಗ ಸುಮ್ಮನಿದ್ದರು. ಗುಡ್ಡದ ಕಡಿದಾದ ಏರಿನಲ್ಲಿ ನಾನು ಸೆಕೆಂಡಿನಿಂದ ಫಸ್ಟಿಗೆ ಇಳಿಸಿದೆ. ಕಾರು ಒಂದು ಚೂರೂ ಅಲುಗದೆ ಹತ್ತಿತು. ಓರೆಗಣ್ಣಿನಿಂದ ನೋಡಿದೆ, ಏನಾದರೂ ಹೇಳುತ್ತಾರೇನೋ ಎಂದು. ವಿಶಾಲಕ್ಕ ನಿದ್ದೆ ಹೋಗಿದ್ದರು. ಬೇರೆ ಯಾರ ಪಕ್ಕ ಕೂತರೂ ಕಾಲಲ್ಲಿ ಇಲ್ಲದ ಬ್ರೇಕ್ ಒತ್ತುತ್ತಿದ್ದ ಹೆಂಗಸು, ಬಾಯಿ ಸ್ವಲ್ಪ ತೆರೆದು, ಮಗುವಿನಂತೆ ಮಲಗಿದ್ದರು. ಅಂಗಳ ತಲುಪಿದರೂ ಎಬ್ಬಿಸಲು ಮನಸ್ಸಾಗದೆ ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತಿದ್ದೆ.

ಆ ವಾರವೇ ಇನ್ನೊಂದು ಸ್ಟ್ರೋಕ್ ಅವರನ್ನು ಕರೆದುಕೊಂಡು ಹೋಯಿತು.

ಮಗಳು ಕಾರನ್ನು ನನಗೇ ಬಿಟ್ಟಳು. ಈಗ ಬಾಳೂರಿಗೆ, ಕಳಸಕ್ಕೆ ಅದರಲ್ಲೇ ಹೋಗುತ್ತೇನೆ. ಹೋದ ತಿಂಗಳು ಪೆಟ್ರೋಲ್ ಹಾಕಿಸಿ ಹೊರಡುವಾಗ, ಬಂಕಿನ ಹಿರಿಯರೊಬ್ಬರು ಕಿಟಕಿಗೆ ಬಗ್ಗಿದರು.

"ಇದು ವಿಶಾಲಕ್ಕೋರ ಕಾರಲ್ವಾ?"

"ಹೌದು."

"ಈಗ ರಿಪೇರಿ ಎಲ್ಲ ಯಾರು ಮಾಡ್ತಾರೆ?"

"ನಾನೇ" ಎಂದೆ. ಎಷ್ಟೋ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ ಅದು.

ಅವರು ತಲೆ ವಾಲಿಸಿ ಎಂಜಿನ್ನಿನ ಸದ್ದು ಕೇಳಿದರು. "ಚೆನ್ನಾಗಿಟ್ಕೊಂಡಿದೀರಿ" ಎಂದರು. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, "ಅವ್ರಿದ್ದಾಗ ಮಾತ್ರ ಆ ಕಟಕಟ ಇರ್ಲಿಲ್ಲ ನೋಡಿ."

ಗೇರು ಹಾಕಿ ಹೊರಟೆ. ಯಾವ ಕಟಕಟ, ಈ ಮುದುಕನಿಗೆ ಕಿವಿ ಕೆಟ್ಟಿದೆ ಎಂದುಕೊಂಡೆ. ಊರು ದಾಟಿ, ತೋಟಗಳ ನಡುವೆ ರಸ್ತೆ ನಿಶ್ಶಬ್ದವಾದ ಮೇಲೆ ಕಿಟಕಿಯ ಗಾಜು ಪೂರ್ತಿ ಇಳಿಸಿದೆ. ಕೇಳಿಸಿತು. ಎಡಗಡೆ, ಮುಂದೆ, ತೀರ ಸಣ್ಣಗೆ.