ಶಾಂತಕ್ಕ ಕಾಯುತ್ತಿದ್ದ ಅರ್ಧ ಗಂಟೆ

ಇವತ್ತು ಬೆಳಿಗ್ಗೆ ನಮ್ಮ ಕಾರ್ಖಾನೆಯಲ್ಲಿ ವೇಳೆ ಉಳಿಸುವುದು ಹೇಗೆ ಎಂಬ ತರಬೇತಿ ಇತ್ತು. ಒಂಬತ್ತೂವರೆಗೆ ಎಂದಿದ್ದರು, ಹೇಳಿಕೊಡಬೇಕಾದ ಮಹಾಶಯರು ಬಂದದ್ದು ಹತ್ತೂಕಾಲಿಗೆ. ಬಂದವರೇ ಒಂದೊಂದು ಹಾಳೆ ಹಂಚಿದರು. ಇಡೀ ದಿನವನ್ನು ಕಾಲುಗಂಟೆಯ ಚೌಕಗಳಾಗಿ ಕತ್ತರಿಸಿದ ಹಾಳೆ. ಕೆಲಸ ಮಾಡಿದ ಚೌಕಕ್ಕೆ ಹಸಿರು, ಸುಮ್ಮನೆ ಕೂತ ಚೌಕಕ್ಕೆ ಕೆಂಪು ತುಂಬಬೇಕಂತೆ. ಐವತ್ತು ದಾಟಿದ ನನ್ನ ಕೈಗೂ ಬಣ್ಣದ ಪೆನ್ಸಿಲ್ ಕೊಟ್ಟರು. ಕೆಂಪು ಪೆನ್ಸಿಲ್ ಕೈಗೆ ಬಂದದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು.

ಸಿಟ್ಟು ಆ ಮಹಾಶಯರ ಮೇಲೆ ಮಾತ್ರ ಎಂದುಕೊಳ್ಳಬೇಡಿ. ಕೆಂಪು ತುಂಬುವ ಈ ಕೆಲಸವನ್ನು ಒಂದು ಕಾಲದಲ್ಲಿ ನಾನೇ ಸಂಬಳ ತೆಗೆದುಕೊಂಡು ಮಾಡಿದ್ದೇನೆ.

ಆಗ ನಾನು ಸನತ್‌ನಗರದ ಒಂದು ಸಣ್ಣ ಕಾರ್ಖಾನೆಗೆ ಹೊಸದಾಗಿ ಸೇರಿದ್ದೆ. ಪಂಪುಗಳಿಗೆ ಉಕ್ಕಿನ ಶಾಫ್ಟ್ ಮಾಡುವ ಕಾರ್ಖಾನೆ. ಸ್ಟಾಪ್‌ವಾಚ್ ಹಿಡಿದು, ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತಾರೆ ಎಂದು ಬರೆಯುವುದು ನನ್ನ ಕೆಲಸ. ಆ ವಾಚನ್ನು ಕೊರಳಿಗೆ ಹಾಕಿಕೊಂಡು ನಾನು ಮೆರೆದದ್ದೇ ಮೆರೆದದ್ದು. ತಲೆ ನರೆತ ಮಿಸ್ತ್ರಿಗಳು ನೀರು ಕುಡಿಯಲು ಎದ್ದರೂ ಮೊದಲು ನನ್ನ ಮುಖ ನೋಡುತ್ತಿದ್ದರು. ಅದನ್ನು ನಾನು ಮರ್ಯಾದೆ ಎಂದು ತಿಳಿದಿದ್ದೆ, ಏನು ಹೇಳಲಿ.

ತಪಾಸಣೆಯ ಮೇಜಿನ ಹಿಂದೆ ಶಾಂತಕ್ಕ ಇದ್ದರು. ಬೀದರ್ ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಮುದ್ರೆ ಬೀಳದೆ ಒಂದು ಶಾಫ್ಟೂ ಗೇಟು ದಾಟುತ್ತಿರಲಿಲ್ಲ. ಊರೆಲ್ಲ ತೆಲುಗು, ಹಿಂದಿ ಆಡುವಲ್ಲಿ ನನ್ನ ಜೊತೆ ಮಾತ್ರ ಕನ್ನಡ. ಬುತ್ತಿಯಲ್ಲಿ ಶೇಂಗಾ ಚಟ್ನಿ ಇದ್ದ ದಿನ ನನಗೊಂದು ಪಾಲು. ಆದರೆ ಅವರ ಒಂದು ಅಭ್ಯಾಸ ನನಗೆ ಸೇರುತ್ತಿರಲಿಲ್ಲ. ಮಷಿನಿನಿಂದ ಇಳಿದ ಶಾಫ್ಟುಗಳನ್ನು ಕಲ್ಲಿನ ಹಾಸಿನ ಮೇಲೆ ಸಾಲಾಗಿ ಜೋಡಿಸಿ, ಕೈಕಟ್ಟಿ ಅರ್ಧ ಗಂಟೆ ಕೂತುಬಿಡುತ್ತಿದ್ದರು, ದಿನಕ್ಕೆ ಐದು ಸಲ. ನಡುನಡುವೆ ಮಗುವಿಗೆ ಜ್ವರ ನೋಡುವ ಹಾಗೆ ಹಿಂಗೈ ತಾಗಿಸುವರು, ಮತ್ತೆ ಕೂರುವರು.

“ಏನ ಬರಕೊಳ್ಳಾಕತ್ತೀ ತಂಗಿ?” ಎಂದು ಒಂದು ದಿನ ಕೇಳಿದರು.

“ನೀವು ಸುಮ್ನ ಕುಂತ ಹೊತ್ತು, ಅಕ್ಕಾರ.”

“ನಾ ಎಲ್ಲಿ ಸುಮ್ನ ಕುಂತೀನಿ? ಇವು ಆರಾಕತ್ತಾವ, ನಾ ಕಾಯಾಕತ್ತೀನಿ. ಬಿಸಿ ಇದ್ದಾಗ ಉಬ್ಬಿರ್ತಾವ. ಆಗ ಅಳದ್ರ ಸುಳ್ಳ ಹೇಳ್ತಾವ.”

ನಾನು ಕಾಲೇಜಿನಲ್ಲಿ ಓದಿದ್ದ ಪಾಠವೇ ಅದು. ಆದರೂ ಶಾಂತಕ್ಕನ ಸಾಲಿನಲ್ಲಿ ‘ವ್ಯರ್ಥ, ದಿನಕ್ಕೆ ಎರಡೂವರೆ ಗಂಟೆ’ ಎಂದು ಬರೆದೆ, ಕೆಳಗೆ ಕೆಂಪು ಗೆರೆ ಎಳೆದೆ. ಮ್ಯಾನೇಜರ್ ಸಾಹೇಬರಿಗೆ ಅಂಥ ಗೆರೆಗಳೇ ಬೇಕಾಗಿದ್ದವು. ಶಾಂತಕ್ಕನನ್ನು ನನ್ನೆದುರಿಗೇ ಕರೆಸಿದರು.

“ಬೈಠನಾ ನಕ್ಕೋ, ಚೆಕಿಂಗ್ ಹೋನಾ,” ಎಂದರು. ಕೂರುವುದು ಬೇಡ, ಇಳಿದ ಕೂಡಲೇ ಅಳೆಯಿರಿ ಎಂದು.

“ಸಾಬ್, ಬಿಸೀದು ಅಳದ್ರ ತಪ್ಪಾಗ್ತೈತ್ರಿ,” ಎಂದು ಶಾಂತಕ್ಕ ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿ, ಮತ್ತೆ ಹಿಂದಿಯಲ್ಲಿ ಹೇಳಿದರು. ಜವಾಬ್ದಾರಿ ನನ್ನದು, ಹೋಗಿ ಎಂದರು ಸಾಹೇಬರು. ಬರಹದಲ್ಲಿ ಏನೂ ಕೊಡಲಿಲ್ಲ.

ಎರಡು ತಿಂಗಳಿಗೆ ಒಂದು ಲಾರಿ ಮಾಲು ಪೂರ್ತಿ ವಾಪಸು ಬಂತು. ಬಿಸಿಯಲ್ಲಿ ಸರಿಯಾಗಿದ್ದ ಶಾಫ್ಟುಗಳೆಲ್ಲ ಆರಿದ ಮೇಲೆ ಸಣ್ಣದಾಗಿ, ಪಂಪಿನಲ್ಲಿ ಸಡಿಲವಾಗಿ ಅಲುಗುತ್ತಿದ್ದವು. ಒಂದೊಂದರ ಮೇಲೂ ಶಾಂತಕ್ಕನ ಮುದ್ರೆ. ಮಾಲೀಕರು ಮೂವರನ್ನೂ ನಿಲ್ಲಿಸಿಕೊಂಡು ಕೇಳಿದರು. ಬಿಸಿಯಲ್ಲೇ ಅಳೆಯಲು ಸಾಹೇಬರೇ ಹೇಳಿದ್ದು ಎಂದರು ಶಾಂತಕ್ಕ. ತಾನು ಹಾಗೆ ಹೇಳಿಯೇ ಇಲ್ಲ ಎಂದರು ಸಾಹೇಬರು, ಎಳ್ಳಷ್ಟೂ ನಾಚಿಕೆಯಿಲ್ಲದೆ. ಮಾಲೀಕರು ನನ್ನ ಕಡೆ ತಿರುಗಿ, ಆವತ್ತು ನೀನೂ ಇದ್ದೆಯಲ್ಲಮ್ಮ, ಇವರು ಏನು ಹೇಳಿದರು ಎಂದು ತೆಲುಗಿನಲ್ಲಿ ಕೇಳಿದರು. ನನ್ನ ನೌಕರಿ ಕಾಯಂ ಮಾಡುವ ಕಾಗದ ಆ ವಾರ ಸಾಹೇಬರ ಸಹಿಗೆ ಕಾದಿತ್ತು.

ನೆನಪಿಲ್ಲ ಎಂದೆ.

ಅವತ್ತೇ ಶಾಂತಕ್ಕನ ಮುದ್ರೆ ಕಸಿದುಕೊಂಡು, ಅವರನ್ನು ಪ್ಯಾಕಿಂಗಿಗೆ ಹಾಕಿದರು. ಸಂಜೆ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕಕ್ಕೇ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

“ಒಂದ ಮಾತ ಹೇಳಾಕ ಎಷ್ಟೊತ್ತ ಬೇಕಾಗಿತ್ತ ತಂಗಿ?”

ಮೆಹದಿಪಟ್ಟಣದ ಬಸ್ಸು ಬಂತು, ಹತ್ತಿಕೊಂಡರು. ಮರುದಿನದಿಂದ ಶಾಂತಕ್ಕ ನನ್ನ ಜೊತೆಗೂ ತೆಲುಗಿನಲ್ಲೇ ಮಾತಾಡಿದರು, ಅದೂ ಕೆಲಸದ ಮಾತಷ್ಟೇ. ಡಬ್ಬಿಗಳಿಗೆ ಪಟ್ಟಿ ಅಂಟಿಸುತ್ತಲೇ ನಿವೃತ್ತರಾದರು. ಹೋದ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು. ಆ ಸಾಹೇಬರ ಮೇಲೆ ನನಗೆ ಇಂದಿಗೂ ಕೆಂಡದಂಥ ಸಿಟ್ಟಿದೆ, ಆದರೆ ಅವರನ್ನು ಬೈಯಲು ಬಾಯಿ ತೆರೆದಾಗಲೆಲ್ಲ ನನ್ನ ಕಾಯಂ ಕಾಗದ ಅಡ್ಡ ಬರುತ್ತದೆ.

ಈಗ ನಾನು ಬೇರೆ ಕಾರ್ಖಾನೆಯಲ್ಲಿ ತಪಾಸಣಾ ವಿಭಾಗದ ಮುಖ್ಯಸ್ಥೆ. ತರಬೇತಿ ಮುಗಿಯುತ್ತಲೇ ನಮ್ಮ ಹೊಸ ಮ್ಯಾನೇಜರು, ಇನ್ನು ಮೇಲೆ ಕಡಿತವಾಗುವ ವೇಳೆಗಳ ಪಟ್ಟಿ ನನ್ನ ಮುಂದಿಟ್ಟರು. ಮೊದಲನೆಯ ಸಾಲೇ, ಮಾಲು ಆರುವ ತನಕ ಕಾಯುವ ಹೊತ್ತು. ಎಲ್ಲರೆದುರಿಗೂ ಸಹಿ ಕೇಳಿದರು. ಹಾಕುವುದಿಲ್ಲ ಎಂದೆ. ಯಾಕೆ ಎಂದರು. ಎದ್ದು ನಿಂತು ಶಾಂತಕ್ಕ ಯಾರೆಂದು ಹೇಳಿದೆ, ನಾನು ಬರೆದ ವರದಿ ಹೇಳಿದೆ, ನೆನಪಿಲ್ಲ ಎಂದದ್ದು ಶುದ್ಧ ಸುಳ್ಳು ಎಂದೂ ಹೇಳಿದೆ. ಮ್ಯಾನೇಜರು ಪಟ್ಟಿಯನ್ನು ವಾಪಸು ತೆಗೆದುಕೊಂಡರು.

ಎಲ್ಲ ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಶಾಂತಕ್ಕ ಬದುಕಿದ್ದ ಅಷ್ಟೂ ವರ್ಷಗಳಲ್ಲಿ ಆ ಎರಡು ನಿಮಿಷ ನನಗೆ ಸಿಕ್ಕಿರಲಿಲ್ಲ.