ಸೋತು ಬಂದ ದಿನದ ಪಟ್ಟ

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಆಕೆಯ ಕೆಲಸ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ, ಅಂಚು ನುಣುಪು ಮಾಡಿ, ಕೂರಿಸಿ, ಬೆಳಕಿಗೆ ಹಿಡಿದು ನೋಡುವುದು. ಅವಸರ ಅನ್ನುವುದು ಆಕೆಯ ಜಾಯಮಾನದಲ್ಲೇ ಇಲ್ಲ. ಚೆಸ್ ಕ್ಲಬ್ಬಿನಲ್ಲೂ ಅಷ್ಟೇ. ಒಂದೊಂದು ನಡೆಗೂ ಕೆನ್ನೆಗೆ ಕೈಕೊಟ್ಟು ಕೂತುಬಿಡುತ್ತಾಳೆಂದು ಅಲ್ಲಿಯವರು ಇಟ್ಟ ಹೆಸರು ಆಮೆ. ಅದಕ್ಕೆ ಆಕೆ ಬೇಸರ ಮಾಡಿಕೊಂಡದ್ದಿಲ್ಲ.

ಮದುವೆಗೆ ಮುಂಚೆಯೇ ದೇಶದೊಳಗಿನ ಪಂದ್ಯಗಳಲ್ಲಿ ಆಡಿ ರಾಷ್ಟ್ರೀಯ ಮಾಸ್ಟರ್ ಆಗಿದ್ದಳು. ಆ ಪಟ್ಟ ಕೊಡುವುದು ದೇಶದ ಚೆಸ್ ಒಕ್ಕೂಟ. ಅಂತರರಾಷ್ಟ್ರೀಯ ಮಾಸ್ಟರ್ ಪಟ್ಟದ ದಾರಿಯೇ ಬೇರೆ. ಹಲವು ದೇಶದವರು, ಅದರಲ್ಲೂ ಪಟ್ಟ ಪಡೆದವರು, ಸೇರಿ ಆಡುವ ಪಂದ್ಯಾವಳಿಯಲ್ಲಿ ಮಾಸ್ಟರ್ ಮಟ್ಟದ ಆಟ ಆಡಿ ತೋರಿಸಿದರೆ ಒಂದು ನಾರ್ಮ್ ಸಿಗುತ್ತದೆ. ಅಂಥವು ಮೂರು ಬೇಕು. ಜೊತೆಗೆ, ಗೆದ್ದರೆ ಏರಿ ಸೋತರೆ ಇಳಿಯುವ ರೇಟಿಂಗ್ ಅಂಕ ಎರಡು ಸಾವಿರದ ನಾನೂರು ಮುಟ್ಟಬೇಕು. ಮೊದಲ ನಾರ್ಮ್ ಮದುವೆಯಾದ ವರ್ಷ ಬಂತು. ಎರಡನೆಯದು ಮಗಳು ನಡೆಯಲು ಕಲಿತ ಮೇಲೆ. ಮೂರನೆಯದು ಬರುವಷ್ಟರಲ್ಲಿ ಮಗಳು ಅಮ್ಮನ ಎತ್ತರಕ್ಕೆ ಬೆಳೆದಿದ್ದಳು. ರೇಟಿಂಗ್ ಮಾತ್ರ ಗೆರೆಯ ಹತ್ತಿರ ಹೋಗಿ ಹೋಗಿ ಹಿಂದಕ್ಕೆ ಜಾರುತ್ತಿತ್ತು.

ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಅಷ್ಟೂ ವರ್ಷ ಮನೆ, ಮಗು ನೋಡಿಕೊಂಡದ್ದು ಅತ್ತೆ. ಅತ್ತೆಗೆ ಆಟ ತಿಳಿಯದು. ತಿಳಿಯದ್ದರ ಬಗ್ಗೆ ಮಾತಾಡಲು ಹಿಂಜರಿಯುವವರೂ ಅಲ್ಲ.

“ಗೆದ್ಯಾ?”

“ಡ್ರಾ ಆಯ್ತು, ಅತ್ತೆ.”

“ಇಬ್ಬರೂ ಕೈಕುಲುಕಿ ಎದ್ದು ಬರೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಪಕ್ಕದ ಮನೆಯವಳ ಕೈ ಕುಲುಕಿದ್ರೆ ಆಗ್ತಿರ್ಲಿಲ್ವಾ?”

ಹೀಗೆ ಗೊಣಗಿಕೊಂಡೇ ಮುಂದಿನ ಪಂದ್ಯಕ್ಕೆ ಸೊಸೆಯ ಬಟ್ಟೆ ಇಸ್ತ್ರಿ ಮಾಡಿಡುತ್ತಿದ್ದರು.

ಈ ಸಲದ ಪಂದ್ಯಾವಳಿ ಪಕ್ಕದ ಊರಿನ ಶಾಲೆಯೊಂದರ ಸಭಾಂಗಣದಲ್ಲಿ. ಆಮೆಗೆ ಎಂದೂ ಇಲ್ಲದ ಹುರುಪು. ಮೊದಲ ಆರು ಸುತ್ತಿನಲ್ಲಿ ಸೋಲೇ ಇಲ್ಲ; ತನಗಿಂತ ಬಲವಾದವರನ್ನೂ ಕಟ್ಟಿಹಾಕಿದಳು. ಏಳನೆಯದರಲ್ಲಿ, ಇನ್ನೇನು ಗೆದ್ದೆ ಅನ್ನುವಾಗ, ಆನೆಯನ್ನು ಪುಕ್ಕಟೆ ಬಿಟ್ಟುಕೊಟ್ಟಳು. ಆ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಉಳಿದ ಎರಡು ಆಟಗಳೂ ಹೋದವು.

ಚೀಲಕ್ಕೆ ನೀರಿನ ಬಾಟಲಿ ತುರುಕುತ್ತಿದ್ದಾಗ ಹಿರಿಯ ತೀರ್ಪುಗಾರರು ಬಂದು ಪಕ್ಕದಲ್ಲಿ ನಿಂತರು.

“ನೋಡಮ್ಮಾ, ಆರನೇ ಸುತ್ತು ಮುಗಿದಾಗ ನಿಮ್ಮ ರೇಟಿಂಗ್ ಎಲ್ಲಿತ್ತು, ಗೊತ್ತಾ?”

“ಎರಡು ಸಾವಿರದ ನಾನೂರು ದಾಟಿತ್ತು, ಸರ್. ಈಗ ಮತ್ತೆ ಕೆಳಗೆ ಬಂತಲ್ಲ. ತಿಂಗಳ ರೇಟಿಂಗ್ ಪಟ್ಟಿಯಲ್ಲಿ ಅಷ್ಟು ಬರಲ್ಲ.”

“ಪಟ್ಟಿಯಲ್ಲೇ ಬರ್ಬೇಕು ಅಂತ ಯಾರು ಹೇಳಿದ್ದು?”

“ಕ್ಲಬ್ಬಲ್ಲಿ ಎಲ್ಲರೂ ಹಾಗೇ ಅಂತಾರೆ.”

“ಅಂದ್ಕೊಳ್ಲಿ ಬಿಡಿ. ಪಂದ್ಯಾವಳಿ ನಡುವೆ ಒಂದ್ಸಲ ಮುಟ್ಟಿದ್ರೂ ಸಾಕು. ಆಮೇಲೆ ಸೋತಿದ್ದನ್ನ ಪಟ್ಟಕ್ಕೆ ಲೆಕ್ಕ ಹಿಡಿಯಲ್ಲ. ಒಕ್ಕೂಟದ ಮೂಲಕ ಅರ್ಜಿ ಹಾಕಿ.”

ಆಕೆ ಚೀಲ ಹಿಡಿದುಕೊಂಡೇ ಮತ್ತೆ ಕೂತಳು. ಖುಷಿಗಿಂತ ಮೊದಲು ಬಂದದ್ದು ಮುಜುಗರ.

“ಇವತ್ತು ಎಷ್ಟು ಕೆಟ್ಟದಾಗಿ ಆಡಿದೆ ಅಂತ ನೀವೇ ನೋಡಿದ್ರಲ್ಲ, ಸರ್.”

“ನೋಡ್ದೆ. ಮೊದಲಿನ ಆರನ್ನೂ ನೋಡ್ದೆ,” ಎಂದು ಅವರು ಮೇಜಿನ ಮೇಲಿದ್ದ ಗಡಿಯಾರಗಳನ್ನು ಎತ್ತಿಡಲು ಹೋದರು.

ಮನೆಗೆ ಬಂದಾಗ ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು.

“ಗೆದ್ಯಾ?”

“ಇಲ್ಲ, ಕೊನೇ ಮೂರೂ ಸೋತೆ. ಆದ್ರೆ ಪಟ್ಟ ಸಿಗುತ್ತಂತೆ.”

ಅತ್ತೆ ಎದ್ದು ಬಂದು ಸೊಸೆಯ ಹಣೆ ಮುಟ್ಟಿ ನೋಡಿದರು. “ಜ್ವರ ಏನೂ ಇಲ್ವಲ್ಲ!”

ಹಾಕಿದ ಅರ್ಜಿಗೆ ಒಪ್ಪಿಗೆ ಬರಲು ತಿಂಗಳುಗಳೇ ಹಿಡಿದವು. ಸುದ್ದಿಯನ್ನು ಮಗಳು ಫೋನ್ ಮಾಡಿ ಹೇಳಿದಾಗ ಆಕೆ ಅಂಗಡಿಯಲ್ಲಿದ್ದಳು. ಕೈಲಿದ್ದ ಗಾಜನ್ನು ಫ್ರೇಮಿಗೆ ಕೂರಿಸಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟ ಮೇಲೆಯೇ ಆಕೆ ಅತ್ತದ್ದು.

ಅಂದು ಸಂಜೆ ಕಾಂಪೌಂಡ್ ಗೋಡೆಯ ಆಚೆ ಈಚೆ ಮಾತು ನಡೆದಿತ್ತು.

“ನಮ್ಮ ಸೊಸೆ ಮಾಸ್ಟರ್ ಆದ್ಲು ಕಣೆ,” ಎಂದರು ಅತ್ತೆ.

“ಹೌದಾ! ಯಾವ ಶಾಲೇಲಿ?” ಎಂದಳು ಪಕ್ಕದ ಮನೆಯವಳು.

“ಶಾಲೇಲಲ್ಲ, ಚೆಸ್ಸಲ್ಲಿ. ಆ ಪಟ್ಟ ಎಲ್ಲಾ ದೇಶದಲ್ಲೂ ನಡೆಯುತ್ತೆ.”

“ಅಂದ್ರೆ ಎಲ್ಲರನ್ನೂ ಗೆದ್ದು ಬಂದ್ಲಾ?”

ಅತ್ತೆ ಸ್ವಲ್ಪ ತಡವರಿಸಿದರು. “ಗೆದ್ದೂ ಬಂದ್ಲು, ಸೋತೂ ಬಂದ್ಲು. ಅದೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು.”

ಒಳಗೆ ಬಂದವರು ಬಾಗಿಲು ಮುಂದೆ ಮಾಡಿ, ಸೊಸೆಯ ಎದುರು ಕುರ್ಚಿ ಎಳೆದುಕೊಂಡು, ದನಿ ತಗ್ಗಿಸಿ, “ಆ ಕುದುರೆ ಹೇಗೆ ನಡೆಯುತ್ತೆ, ಸ್ವಲ್ಪ ತೋರ್ಸು,” ಎಂದರು.